ಪೊನ್ಸೆಟಿ ಮೇಷ್ಟ್ರು ಮತ್ತು ಸೊಟ್ಟಪಾದ: ಗೊತ್ತಿದ್ದ ಚಿಕಿತ್ಸೆ ಮಕ್ಕಳನ್ನ ತಲುಪೋಕೆ ಮೂವತ್ತೈದು ವರ್ಷ ಯಾಕೆ ಬೇಕಾಯ್ತು

ಹುಟ್ಟಿದ ಮಗುವಿನ ಪಾದ ಒಳಗಡೆಗೆ, ಕೆಳಗಡೆಗೆ ತಿರುಚಿಕೊಂಡಿದ್ರೆ ಡಾಕ್ಟರ್‌ಗಳು ಕ್ಲಬ್‌ಫೂಟ್ ಅಂತಾರೆ, ನಾವು ಸೊಟ್ಟಪಾದ, ಸೊಟ್ಟಗಾಲು ಅಂತೀವಿ. ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಇರುತ್ತೆ, ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಹೆಚ್ಚುಕಮ್ಮಿ ಎರಡರಷ್ಟು, ಅರ್ಧದಷ್ಟು ಮಕ್ಕಳಿಗೆ ಎರಡೂ ಪಾದ ಹಾಗೇ ಇರುತ್ತೆ. ಇದಕ್ಕೆ ದೊಡ್ಡ ಆಪರೇಷನ್ ಬೇಕಾಗಿಲ್ಲ, ಕೈಯಲ್ಲಿ ಮೆಲ್ಲಗೆ ತಿದ್ದಿ ವಾರಕ್ಕೊಂದು ಪ್ಲಾಸ್ಟರ್ ಹಾಕಿದ್ರೆ ಸಾಕು ಅಂತ ಅಮೆರಿಕದ ಅಯೋವಾ ಯೂನಿವರ್ಸಿಟಿಯ ಪ್ರೊಫೆಸರ್ ಇಗ್ನಾಸಿಯೋ ಪೊನ್ಸೆಟಿ 1963ರಲ್ಲೇ ಲೆಕ್ಕ ಸಮೇತ ಬರೆದು ಪ್ರಕಟಿಸಿದ್ರು. ಆದ್ರೆ ಬೇರೆ ಊರಿನ ಡಾಕ್ಟರ್‌ಗಳು ಅದನ್ನ ದೊಡ್ಡ ಸಂಖ್ಯೆಯಲ್ಲಿ ಕಲಿಯೋಕೆ ಶುರು ಮಾಡಿದ್ದು 1990ರ ದಶಕದ ಕೊನೆಗೆ. ಮಧ್ಯದ ಆ ಮೂವತ್ತೈದು ವರ್ಷದಲ್ಲಿ ಏನಾಯ್ತು, ಆಮೇಲೆ ಏನು ಬದಲಾಯ್ತು, ಅದೇ ಈ ಪ್ರಕರಣ. ಮಕ್ಕಳ ರಿಹ್ಯಾಬ್‌ನಲ್ಲಿ, ಅಂದ್ರೆ ಮಕ್ಕಳು ತಮ್ಮ ಕೈಕಾಲು ಮತ್ತೆ ಚೆನ್ನಾಗಿ ಬಳಸೋ ಹಾಗೆ ಮಾಡೋ ಚಿಕಿತ್ಸೆಯಲ್ಲಿ, ಕೆಲಸ ಮಾಡೋರು, ಅದರಲ್ಲೂ ಪಾಠ ಹೇಳೋರು ಇದನ್ನ ಪೂರ್ತಿ ಓದ್ಬೇಕು ಅನ್ನೋದು ನನ್ನ ಆಸೆ.

ಮೊದಲು ಮನುಷ್ಯನ ಬಗ್ಗೆ ಸ್ವಲ್ಪ. 1914ರಲ್ಲಿ ಸ್ಪೇನಿನ ಮೆನೋರ್ಕಾ ದ್ವೀಪದ ಸಿಉತಾದೆಯ ಅನ್ನೋ ಊರಲ್ಲಿ ಹುಟ್ಟಿದ್ರು, ಅಪ್ಪ ಗಡಿಯಾರ ರಿಪೇರಿ ಮಾಡೋರು, ಹುಡುಗನೂ ಅಪ್ಪನ ಪಕ್ಕ ಕೂತು ಸಣ್ಣ ಸಣ್ಣ ಭಾಗ ಜೋಡಿಸೋ ಕೆಲಸ ಮಾಡಿದ್ದ. ಬಾರ್ಸಿಲೋನಾದಲ್ಲಿ ಡಾಕ್ಟರಿಕೆ ಓದಿ ಮುಗಿಸೋದಕ್ಕೂ 1936ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗೋದಕ್ಕೂ ಸರಿಹೋಯ್ತು. ಚುನಾಯಿತ ಸರ್ಕಾರದ ಪರ ಇದ್ದ ರಿಪಬ್ಲಿಕನ್ ಸೇನೆಯ ಡಾಕ್ಟರ್ ಆಗಿ ಮೂಳೆ ಮುರಿದ ಸಿಪಾಯಿಗಳನ್ನ ನೋಡ್ಕೊಂಡ್ರು, 1939ರಲ್ಲಿ ತಮ್ಮ ಕಡೆಯೋರು ಸೋತಾಗ ಗಾಯಾಳುಗಳನ್ನ ಹೇಸರಗತ್ತೆಗಳ ಮೇಲೆ ಹಾಕ್ಕೊಂಡು, ಕಳ್ಳಸಾಗಣೆದಾರರ ಸಹಾಯ ತಗೊಂಡು ಪಿರನೀಸ್ ಬೆಟ್ಟ ದಾಟಿಸಿ ಫ್ರಾನ್ಸ್ ಮುಟ್ಟಿಸಿದ್ರು. ಅಲ್ಲಿಂದ ಮೆಕ್ಸಿಕೋಗೆ ಹೋಗಿ ಒಂದು ಹಳ್ಳಿಯಂಥ ಊರಲ್ಲಿ ಎರಡು ವರ್ಷ ಸಾಮಾನ್ಯ ವೈದ್ಯರಾಗಿದ್ರು, 1941ರಲ್ಲಿ ಅಯೋವಾಗೆ ಬಂದು ಆರ್ಥರ್ ಸ್ಟೈಂಡ್ಲರ್ ಅನ್ನೋ ಹೆಸರಾಂತ ಮೂಳೆ ತಜ್ಞರ ಕೈಕೆಳಗೆ ರೆಸಿಡೆನ್ಸಿ, ಅಂದ್ರೆ ಆಸ್ಪತ್ರೆಯಲ್ಲೇ ಇದ್ದು ಕಲಿಯೋ ತಜ್ಞ ತರಬೇತಿ, ಸೇರಿದ್ರು. ಮುಗಿಸಿದ ಮೇಲೆ ಅಲ್ಲೇ ಮೇಷ್ಟ್ರಾದ್ರು, ಸಾಯೋವರೆಗೂ ಅದೇ ಊರು.

ಅಯೋವಾ ಈ ಕಥೆಗೆ ಬರೀ ಹಿನ್ನೆಲೆ ಅಲ್ಲ. ಬಡವರ ಮನೆಯ ಮಕ್ಕಳಿಗೆ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ ಸರ್ಕಾರದ ಖರ್ಚಲ್ಲಿ ಚಿಕಿತ್ಸೆ ಕೊಡಬೇಕು ಅಂತ ಆ ರಾಜ್ಯದಲ್ಲಿ 1915ರಲ್ಲೇ ಕಾನೂನು ಬಂದಿತ್ತು. ಹಾಗಾಗಿ ಇಡೀ ರಾಜ್ಯದ ಮಕ್ಕಳು ಒಂದೇ ಕಡೆ ಬರ್ತಿದ್ರು, ರೆಕಾರ್ಡ್ ಇರ್ತಿತ್ತು, ಇಪ್ಪತ್ತು ವರ್ಷ ಆದ್ಮೇಲೆ ಅದೇ ಮನುಷ್ಯನನ್ನ ಹುಡುಕಿ ಕರೆಸಿ ಈಗ ಹೇಗಿದ್ದೀರಿ ಅಂತ ಕೇಳೋಕಾಗ್ತಿತ್ತು. ಪೊನ್ಸೆಟಿ ಮಾಡಿದ್ದೂ ಅದನ್ನೇ. ಚಿಕ್ಕವರಿದ್ದಾಗ ಅದೇ ಆಸ್ಪತ್ರೆಯಲ್ಲಿ ಸೊಟ್ಟಪಾದಕ್ಕೆ ಆಪರೇಷನ್ ಮಾಡಿಸ್ಕೊಂಡಿದ್ದೋರ ಪಾದಗಳನ್ನ ಪರೀಕ್ಷೆ ಮಾಡಿದ್ರು. ಪಾದ ನೋಡೋಕೆ ನೇರವಾಗಿತ್ತು, ಆದ್ರೆ ಬಿಗಿದುಕೊಂಡಿತ್ತು, ಶಕ್ತಿ ಇರ್ಲಿಲ್ಲ, ನಡೆದ್ರೆ ನೋವು. ಆಪರೇಷನ್ ಮಾಡಿದ್ದೋರು ಬೇರೆ ಯಾರೂ ಅಲ್ಲ, ಅವರದೇ ಗುರುಗಳ ವಿಭಾಗ. ಅದನ್ನ ನೋಡಿ ಸುಮ್ಮನಿರದೆ ದಾರಿ ಬದಲಾಯಿಸಿದ್ದು ಅವರ ವೃತ್ತಿಜೀವನದ ಅತಿ ದೊಡ್ಡ ತೀರ್ಮಾನ ಅಂತ ನನಗನ್ಸುತ್ತೆ.

ಆಮೇಲೆ ಸತ್ತು ಹುಟ್ಟಿದ ಶಿಶುಗಳ ಪಾದ ಬಿಡಿಸಿ ನೋಡಿದ್ರು, ಎಕ್ಸ್‌ರೇ ಫಿಲ್ಮ್‌ನಲ್ಲಿ ಪಾದದ ಮೂಳೆಗಳು ಒಂದರ ಜೊತೆ ಒಂದು ಹೇಗೆ ಚಲಿಸ್ತವೆ ಅಂತ ನೋಡಿದ್ರು. ಅವರಿಗೆ ಸ್ಪಷ್ಟವಾಗಿದ್ದು ಏನಂದ್ರೆ, ಪಾದದ ಮೂಳೆಗಳು ಬಿಡಿಬಿಡಿಯಾಗಿ ತಿರುಗಲ್ಲ, ಹಿಮ್ಮಡಿ ಮೂಳೆಯ ಮೇಲೆ ಕೂತಿರೋ ಟ್ಯಾಲಸ್ ಅನ್ನೋ ಮೂಳೆಯ ಕೆಳಗೆ ಎಲ್ಲವೂ ಒಟ್ಟಿಗೇ ಹೊರಳ್ತವೆ. ಮತ್ತೆ ಎಳೆ ಮಗುವಿನ ಲಿಗಮೆಂಟ್, ಅಂದ್ರೆ ಮೂಳೆಗೆ ಮೂಳೆಯನ್ನ ಕಟ್ಟಿರೋ ಪಟ್ಟಿ, ಕತ್ತರಿಸಬೇಕಾದ್ದಲ್ಲ, ನಿಧಾನಕ್ಕೆ ಎಳೆದು ಹಿಡಿದ್ರೆ ತಾನಾಗಿ ಒಗ್ಗುತ್ತೆ. 1948ರ ಹೊತ್ತಿಗೆ ಈ ವಿಧಾನ ಶುರು ಮಾಡಿದ್ರು.

ವಿಧಾನ ಹೇಳ್ತೀನಿ, ಯಾಕಂದ್ರೆ ಈ ಪ್ರಕರಣದ ಗುಟ್ಟೆಲ್ಲ ಬೆರಳಿನ ಜಾಗದಲ್ಲೇ ಇದೆ. ಮೊದಲ ಪ್ಲಾಸ್ಟರ್‌ನಲ್ಲಿ ಪಾದವನ್ನ ಹೊರಗೆ ತಿರುಗಿಸೋಕೆ ಹೋಗಲ್ಲ, ಹೆಬ್ಬೆರಳಿನ ಕಡೆಯನ್ನ ಮೇಲಕ್ಕೆತ್ತಿ ಅಂಗಾಲಿನ ಆಳವಾದ ಕಮಾನನ್ನ ಮಾತ್ರ ಸರಿಮಾಡ್ತಾರೆ, ಆಗ ಪಾದ ನೋಡೋಕೆ ಇನ್ನೂ ಹೆಚ್ಚು ಒಳಕ್ಕೆ ತಿರುಗಿದ ಹಾಗೆ ಕಾಣುತ್ತೆ, ಹೊಸಬರಿಗೆ ಗಾಬರಿ ಆಗೋದೇ ಇಲ್ಲಿ. ಆಮೇಲೆ ಒಂದು ಹೆಬ್ಬೆರಳು ಟ್ಯಾಲಸ್ ಮೂಳೆಯ ತಲೆ ಮೇಲೆ ಹೊರಭಾಗದಿಂದ ಇಟ್ಟು, ಇನ್ನೊಂದು ಕೈಯಲ್ಲಿ ಇಡೀ ಪಾದವನ್ನ ನಿಧಾನಕ್ಕೆ ಹೊರಗೆ ಸರಿಸ್ತಾರೆ. ಹಿಮ್ಮಡಿಯನ್ನ ಮುಟ್ಟೋದೇ ಇಲ್ಲ, ಅದು ಪಾದದ ಜೊತೆ ತಾನಾಗಿ ಹೊರಳುತ್ತೆ. ಪ್ಲಾಸ್ಟರ್ ಕಾಲ್ಬೆರಳಿಂದ ತೊಡೆಯ ಮೇಲಿನವರೆಗೆ, ಮಂಡಿ ಮಡಿಸಿದ ಹಾಗೆ. ವಾರಕ್ಕೊಂದರಂತೆ ಐದೋ ಆರೋ ಪ್ಲಾಸ್ಟರ್‌ಗೆ ತಿರುಚು ಬಿಡುತ್ತೆ, ಕೊನೆಗೆ ಉಳಿಯೋದು ಪಾದ ಕೆಳಗೆ ಬಾಗಿರೋದು. ಅದಕ್ಕೆ ಹೆಚ್ಚಿನ ಮಕ್ಕಳಲ್ಲಿ ಹಿಮ್ಮಡಿ ಹಿಂದಿನ ಅಖಿಲೀಸ್ ಟೆಂಡನ್ನನ್ನ, ಅಂದ್ರೆ ಸ್ನಾಯುವನ್ನ ಮೂಳೆಗೆ ಕಟ್ಟಿರೋ ಹುರಿಯನ್ನ, ನಮ್ಮ ಜನ ದಪ್ಪ ನರ ಅಂತಾರಲ್ಲ ಅದನ್ನ, ಚರ್ಮದಲ್ಲಿ ಸಣ್ಣ ತೂತು ಮಾಡಿ ಅಡ್ಡಕ್ಕೆ ಕತ್ತರಿಸ್ತಾರೆ. ಮೂರು ವಾರ ಕೊನೇ ಪ್ಲಾಸ್ಟರ್ ಇರುತ್ತೆ, ಅಷ್ಟರಲ್ಲಿ ಟೆಂಡನ್ ಉದ್ದವಾಗಿ ಮತ್ತೆ ಬೆಳೆದು ಕೂಡ್ಕೊಳ್ಳುತ್ತೆ.

ಆ ಕಾಲದಲ್ಲಿ ಪ್ಲಾಸ್ಟರ್ ಹಾಕೋದ್ರಲ್ಲಿ ದೊಡ್ಡ ಹೆಸರು ಜಾರ್ಜಿಯಾ ರಾಜ್ಯದ ಡಾ. ಹೈರಮ್ ಕೈಟ್ ಅವರದ್ದು. ಅವರೂ ಆಪರೇಷನ್ ಬೇಡ ಅನ್ನೋರೇ, ಪ್ರಾಮಾಣಿಕವಾಗಿ ದುಡಿದೋರೇ. ಆದ್ರೆ ಅವರು ಹೆಬ್ಬೆರಳಿಟ್ಟಿದ್ದು ಪಾದದ ಹೊರಬದಿಯ ನಡುಭಾಗದಲ್ಲಿ, ಹಿಮ್ಮಡಿ ಮೂಳೆ ಮತ್ತೆ ಅದರ ಮುಂದಿನ ಮೂಳೆ ಸೇರೋ ಕಡೆ. ಅಲ್ಲಿ ಒತ್ತಿದ್ರೆ ಹೊರಳಬೇಕಾದ ಹಿಮ್ಮಡಿ ಮೂಳೆಯೇ ಸಿಕ್ಕಿಹಾಕ್ಕೊಳ್ಳುತ್ತೆ, ಒಂದು ಕೈಯಲ್ಲಿ ಬಾಗಿಲು ತೆಗೀತಾ ಇನ್ನೊಂದು ಕೈಯಲ್ಲಿ ಅದೇ ಬಾಗಿಲನ್ನ ಗಟ್ಟಿಯಾಗಿ ಹಿಡ್ಕೊಂಡ ಹಾಗೆ. ಅದಕ್ಕೇ ಅವರ ವಿಧಾನದಲ್ಲಿ ಎರಡು ವರ್ಷದ ಹತ್ತಿರ ಪ್ಲಾಸ್ಟರ್ ಹಾಕ್ತಾನೇ ಇರಬೇಕಾಗ್ತಿತ್ತು. ಹೆಬ್ಬೆರಳು ಒಂದೆರಡು ಸೆಂಟಿಮೀಟರ್ ಆಚೀಚೆ ಆದ್ರೆ ಒಂದೂವರೆ ತಿಂಗಳ ಕೆಲಸ ಎರಡು ವರ್ಷ ಆಗುತ್ತೆ. ಇದನ್ನ ಪೇಪರ್, ಅಂದ್ರೆ ಸಂಶೋಧನಾ ಲೇಖನ, ಓದಿ ಕಲಿಯೋಕೆ ಆಗುತ್ತಾ ಹೇಳಿ.

1963ರ ಪೇಪರ್ ಪೊನ್ಸೆಟಿ ಮತ್ತು ಯೂಜೀನ್ ಸ್ಮೋಲಿ ಸೇರಿ ಬರೆದದ್ದು, 67 ಮಕ್ಕಳು, 94 ಪಾದ. ಅದರಲ್ಲಿ ಅವರು ಒಂದು ವಿಷಯ ಮುಚ್ಚಿಡಲಿಲ್ಲ: ಅರ್ಧಕ್ಕಿಂತ ಹೆಚ್ಚು ಪಾದಗಳು ಸರಿಹೋದ್ಮೇಲೆ ಮತ್ತೆ ತಿರುಗಿಕೊಂಡಿದ್ವು. ಅಂಥವಕ್ಕೆ ಮತ್ತೆ ಪ್ಲಾಸ್ಟರ್ ಹಾಕಿ, ಕೆಲವಕ್ಕೆ ಪಾದದ ಮುಂದಿನ ಒಂದು ಟೆಂಡನ್ ಜಾಗ ಬದಲಾಯಿಸಿ ಸರಿಮಾಡಿದ್ರು, ಅದೂ ಬರೆದಿದ್ರು. ಹಾಗೆ ಮರುಕಳಿಸೋದನ್ನ ತಡೆಯೋಕೆ ಇರೋದೇ ಬ್ರೇಸ್, ಅಂದ್ರೆ ಭುಜದಷ್ಟು ಅಗಲದ ಪಟ್ಟಿಗೆ ಎರಡು ಶೂ ಹೊರಕ್ಕೆ ತಿರುಗಿಸಿ ಜೋಡಿಸಿರೋದು. ಇವತ್ತಿನ ಲೆಕ್ಕದಲ್ಲಿ ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ರಾತ್ರಿ ಮತ್ತೆ ಹಗಲು ನಿದ್ದೆ ಮಾಡುವಾಗ, ಮಗುವಿಗೆ ನಾಲ್ಕು ವರ್ಷ ತುಂಬೋವರೆಗೂ.

ಈಗ ಮುಖ್ಯ ಪ್ರಶ್ನೆ, ಯಾಕೆ ಯಾರೂ ತಗೊಳ್ಳಲಿಲ್ಲ? ಒಂದೇ ಕಾರಣ ಅಂತ ನಾನು ಹೇಳಲ್ಲ. ಪೇಪರ್ ಓದಿದೋರು "ಪ್ಲಾಸ್ಟರ್ ತಾನೇ, ನಾವೂ ಹಾಕ್ತೀವಲ್ಲ" ಅಂದ್ಕೊಂಡ್ರು, ತಮ್ಮ ಹಳೇ ರೀತಿಯಲ್ಲೇ ಹಾಕಿದ್ರು, ಸರಿಹೋಗಲಿಲ್ಲ, ವಿಧಾನವೇ ಸರಿಯಿಲ್ಲ ಅಂದ್ರು. ಇನ್ನು ಕೆಲವರಿಗೆ ಮರುಕಳಿಕೆಯ ಆ ದೊಡ್ಡ ಅಂಕಿ ಕಣ್ಣಿಗೆ ಬಿದ್ದಿರಬೇಕು. 1971ರಲ್ಲಿ ವಿನ್ಸೆಂಟ್ ಟರ್ಕೋ ಅನ್ನೋ ಸರ್ಜನ್ ಪಾದದ ಹಿಂಭಾಗ, ಒಳಭಾಗದಲ್ಲಿ ಬಿಗಿದಿರೋದನ್ನೆಲ್ಲ ಒಂದೇ ಸಲಕ್ಕೆ ಕತ್ತರಿಸಿ ಬಿಡಿಸೋ ಆಪರೇಷನ್ ಪ್ರಕಟಿಸಿದ್ರು, ಅದು ಎಲ್ಲಾ ಕಡೆ ಹಬ್ಬಿತು. ಟೇಬಲ್ ಮೇಲೇ ಪಾದ ನೇರವಾಗಿ ಕಾಣುತ್ತೆ, ಅಪ್ಪ ಅಮ್ಮನಿಗೂ ಸಮಾಧಾನ, ಡಾಕ್ಟರ್‌ಗೂ ಸಮಾಧಾನ, ಕಲಿಯೋ ಹುಡುಗರಿಗೂ ಕೈಗೆ ಕೆಲಸ. ಅದರ ನಷ್ಟ ಗೊತ್ತಾಗೋದು ಆ ಮಗು ಮೂವತ್ತರ ಹರೆಯಕ್ಕೆ ಬಂದು ನಡೆಯೋಕೆ ಕಷ್ಟಪಡುವಾಗ, ಆಗ ಆಪರೇಷನ್ ಮಾಡಿದೋರು ಎದುರಿಗೇ ಇರಲ್ಲ. 2006ರಲ್ಲಿ ಮ್ಯಾಥ್ಯೂ ಡಾಬ್ಸ್ ಅನ್ನೋ ಮೂಳೆ ಡಾಕ್ಟರ್ ಮತ್ತೆ ಜೊತೆಗಾರರು ಅಂಥ ದೊಡ್ಡ ಆಪರೇಷನ್ ಆದೋರನ್ನ ವರ್ಷಗಟ್ಟಲೆ ಆದ್ಮೇಲೆ ಪರೀಕ್ಷಿಸಿ ಬರೆದ್ರು, ಹಲವರಲ್ಲಿ ಬಿಗಿತ, ಸಂಧಿವಾತ, ಕೆಲಸಕ್ಕೆ ತೊಂದರೆ. ಪೊನ್ಸೆಟಿ 1940ರ ದಶಕದಲ್ಲಿ ಅಯೋವಾದಲ್ಲಿ ಕಂಡದ್ದೂ ಇಂಥದ್ದೇ.

ಪೊನ್ಸೆಟಿ ಅವರ ಕಡೆಯಿಂದ ಏನಿತ್ತು ಅಂತನೂ ನೋಡ್ಬೇಕು. ಸೊಟ್ಟಪಾದವೊಂದೇ ಅವರ ಕೆಲಸ ಆಗಿರಲಿಲ್ಲ. ಬೆನ್ನುಮೂಳೆ ಡೊಂಕಾಗೋ ಸ್ಕೋಲಿಯೋಸಿಸ್ ಮಕ್ಕಳಲ್ಲಿ ಹೇಗೆ ಬೆಳೆಯುತ್ತೆ ಅಂತ 1950ರಲ್ಲೇ ಬರೆದಿದ್ರು, ಸ್ವೀಟ್ ಪೀ ಹೂಗಿಡದ ಬೀಜ ತಿನ್ನಿಸಿದ ಇಲಿಗಳ ಮೂಳೆ ಹೇಗೆ ಕೆಡುತ್ತೆ ಅಂತ 1954ರಲ್ಲಿ ತೋರಿಸಿದ್ರು. ಹಾಗೆ ತಮ್ಮ ಕ್ಲಿನಿಕ್, ತಮ್ಮ ಲ್ಯಾಬ್, ತಮ್ಮ ರೆಸಿಡೆಂಟ್‌ಗಳು ಅಂತ ಇದ್ರು. 1980ರಲ್ಲಿ ಮತ್ತೊಂದು ಫಾಲೋಅಪ್ ಪೇಪರ್ ಬಂತು, 70 ಜನ, 104 ಪಾದ. 1984ರಲ್ಲಿ ರಿಟೈರ್ ಆದ್ರು. 1995ರಲ್ಲಿ ಕೂಪರ್ ಮತ್ತು ಡೀಟ್ಸ್ ಅನ್ನೋ ಡಾಕ್ಟರ್‌ಗಳು ಪೊನ್ಸೆಟಿಯವರ ಹಳೇ ಪೇಶೆಂಟ್‌ಗಳನ್ನ ಮತ್ತೆ ಕರೆಸಿ ನೋಡಿದ್ರು: ಸರಾಸರಿ 34 ವರ್ಷದ 45 ಜನರಲ್ಲಿ 78% ಜನಕ್ಕೆ ಪಾದ ಚೆನ್ನಾಗಿತ್ತು, ಸೊಟ್ಟಪಾದ ಇಲ್ಲದೆ ಹುಟ್ಟಿದ 97 ಜನರಲ್ಲಿ ಆ ಪ್ರಮಾಣ 85%. ಅಂದ್ರೆ ಹೆಚ್ಚುಕಮ್ಮಿ ನಿಮ್ಮ ನಮ್ಮ ಪಾದದಷ್ಟೇ. ಮಾರನೇ ವರ್ಷ, 82ರ ವಯಸ್ಸಲ್ಲಿ, ಪುಸ್ತಕವನ್ನೂ ಬರೆದ್ರು. ಆದ್ರೂ ಎಲ್ಲಾ ಕಡೆ ಆಪರೇಷನ್ ನಡೀತಾನೇ ಇತ್ತು. ಪೇಪರು, ಪುಸ್ತಕ, ಅಂಕಿಅಂಶ ಎಲ್ಲಾ ಇದ್ದೂ ಕೈ ಬದಲಾಗಲಿಲ್ಲ.

ಬದಲಾಯಿಸಿದ್ದು ಅಮ್ಮಂದಿರು. 1990ರ ದಶಕದ ಕೊನೆಗೆ ಅಮೆರಿಕದ ಮನೆಗಳಿಗೆ ಇಂಟರ್ನೆಟ್ ಬಂತು, ಮಗುವಿನ ಪಾದಕ್ಕೆ ದೊಡ್ಡ ಆಪರೇಷನ್ ಅಂತ ಕೇಳಿ ಕಂಗಾಲಾಗಿದ್ದ ತಂದೆತಾಯಿ ಹುಡುಕಿ ಹುಡುಕಿ ಅಯೋವಾದ ವಿಷಯ ಕಂಡ್ಕೊಂಡ್ರು, ಕೂಸನ್ನ ಎತ್ಕೊಂಡು ಬೇರೆ ಬೇರೆ ರಾಜ್ಯಗಳಿಂದ ಅಲ್ಲಿಗೆ ಬಂದ್ರು, ಪಾದ ಸರಿಹೋದ ಫೋಟೋ ಹಾಕಿ ಇನ್ನೊಬ್ಬರಿಗೆ ಹೇಳಿದ್ರು. ಊರಿಗೆ ವಾಪಸ್ ಹೋಗಿ ತಮ್ಮ ಡಾಕ್ಟರ್‌ಗೆ "ನೀವು ಹೋಗಿ ಕಲಿತು ಬನ್ನಿ" ಅಂತ ಕೇಳಿದೋರೂ ಇದ್ರು. ರಿಟೈರ್ ಆದ ಮೇಷ್ಟ್ರು ಮತ್ತೆ ಕ್ಲಿನಿಕ್‌ನಲ್ಲಿ ಕೂತು ಪ್ಲಾಸ್ಟರ್ ಹಾಕ್ತಿದ್ರು, ಎಂಬತ್ತು ದಾಟಿದ ಕೈಯಲ್ಲಿ. ಅಯೋವಾದ ಡಾ. ಹೋಸೆ ಮೊರ್ಕ್ಯುಯೆಂಡೆ ಅನ್ನೋರು ಮೇಷ್ಟ್ರ ಜೊತೆ ನಿಂತ್ರು, ಮುಂದೆ ಆ ಕೆಲಸವನ್ನ ಹೊತ್ಕೊಂಡಿದ್ದೂ ಈ ಮೊರ್ಕ್ಯುಯೆಂಡೆಯವರೇ.

ಆಮೇಲೆ ಡಾಕ್ಟರ್‌ಗಳು ಬಂದ್ರು. ಪಕ್ಕದಲ್ಲಿ ನಿಂತು, ಮೇಷ್ಟ್ರ ಹೆಬ್ಬೆರಳು ಎಲ್ಲಿದೆ ಅಂತ ನೋಡಿ, ತಮ್ಮ ಹೆಬ್ಬೆರಳು ಅಲ್ಲಿಟ್ಟು ಕಲಿತ್ರು. ಬಾಲ್ಟಿಮೋರ್‌ನ ಡಾ. ಜಾನ್ ಹರ್ಜೆನ್‌ಬರ್ಗ್ 2002ರಲ್ಲಿ ಪ್ರಕಟಿಸಿದ ಹೋಲಿಕೆ ನೋಡಿ: ಹಳೇ ರೀತಿ ಪ್ಲಾಸ್ಟರ್ ಹಾಕಿದ 34 ಪಾದಗಳಲ್ಲಿ 32ಕ್ಕೆ ದೊಡ್ಡ ಆಪರೇಷನ್ ಬೇಕಾಗಿತ್ತು, ಪೊನ್ಸೆಟಿ ರೀತಿ ಹಾಕಿದ 34ರಲ್ಲಿ ಒಂದಕ್ಕೆ ಮಾತ್ರ. ಎರಡು ಕಡೆಯೂ ಪ್ಲಾಸ್ಟರೇ, ಬದಲಾಗಿದ್ದು ಕೈ. ಕೆನಡಾದ ಡಾ. ಶಫೀಕ್ ಪಿರಾನಿ ಚಿಕಿತ್ಸೆ ನಡೀತಿರೋ ಪಾದಗಳ ಎಂಆರ್‌ಐ ತೆಗೆದು, ಒಳಗಿನ ಎಳೆ ಮೂಳೆಗಳು ನಿಜವಾಗ್ಲೂ ಜಾಗಕ್ಕೆ ಬರ್ತವೆ, ಆಕಾರವೂ ಬದಲಾಗುತ್ತೆ ಅಂತ 2001ರಲ್ಲಿ ತೋರಿಸಿದ್ರು. 2004ರಲ್ಲಿ ಅಯೋವಾದಿಂದಲೇ 157 ಮಕ್ಕಳ 256 ಪಾದಗಳ ಲೆಕ್ಕ ಬಂತು, 98% ಸರಿಹೋಗಿದ್ವು.

ಇಲ್ಲಿಗೆ ನಿಲ್ಲಿಸಿದ್ರೆ ಇದು ಡಾಕ್ಟರ್‌ಗಳ ಕಥೆ ಅಷ್ಟೇ ಆಗುತ್ತೆ. ನನಗೆ ಇದರಲ್ಲಿ ಹೆಚ್ಚು ತಟ್ಟೋದು ಇನ್ನೊಂದು ಭಾಗ. ಅದೇ 2004ರಲ್ಲಿ ಡಾಬ್ಸ್ ತಂಡ ಯಾವ ಮಕ್ಕಳ ಪಾದ ಮತ್ತೆ ತಿರುಗಿಕೊಳ್ಳುತ್ತೆ ಅಂತ ಹುಡುಕಿತು. ಶುರುವಿನಲ್ಲಿ ಪಾದ ಎಷ್ಟು ಸೊಟ್ಟ ಇತ್ತು ಅನ್ನೋದು ಅಲ್ಲಿ ಲೆಕ್ಕಕ್ಕೆ ಬರ್ಲಿಲ್ಲ, ಬ್ರೇಸ್ ಹಾಕಿದ್ರೋ ಇಲ್ವೋ ಅನ್ನೋದು ಎಲ್ಲಕ್ಕಿಂತ ದೊಡ್ಡದಾಗಿ ಎದ್ದು ಕಂಡಿತು, ಅದರ ಜೊತೆಗೆ ತಂದೆತಾಯಿ ಹೈಸ್ಕೂಲಿಗಿಂತ ಮುಂದೆ ಓದಿರಲಿಲ್ಲ ಅನ್ನೋದೂ. ಈ ಎರಡನೇದನ್ನ ಕೆಲವರು "ಓದಿಲ್ಲದೋರು ಮಾತು ಕೇಳಲ್ಲ" ಅಂತ ಓದ್ತಾರೆ. ಅದು ತಪ್ಪು ಓದು. ಓದಿಲ್ಲದೋರಿಗೆ ನಾವು ಸರಿಯಾಗಿ ಕಲಿಸಲಿಲ್ಲ ಅಂತ ಓದಬೇಕು. ಪ್ಲಾಸ್ಟರ್ ಹಾಕೋ ಡಾಕ್ಟರ್ ಕೆಲಸ ಎರಡು ತಿಂಗಳು, ಬ್ರೇಸ್ ಹಾಕೋ ಅಮ್ಮನ ಕೆಲಸ ನಾಲ್ಕು ವರ್ಷ, ಪ್ರತಿ ರಾತ್ರಿ. ಪೇಪರ್ ಓದಿ ಡಾಕ್ಟರ್‌ಗಳೇ ಕಲಿಯೋಕಾಗದೇ ಇದ್ದದ್ದನ್ನ ಒಂದು ಚೀಟಿ ಕೊಟ್ಟು ಅಮ್ಮ ಕಲಿತುಬಿಡಲಿ ಅಂದ್ರೆ ಹೇಗೆ?

ಅಯೋವಾದಲ್ಲೇ ಶೂ ಬದಲಾಯಿತು. ಹಳೇ ಶೂ ಗಟ್ಟಿ ಚರ್ಮದ್ದು, ಮಗುವಿನ ಹಿಮ್ಮಡಿ ಉಜ್ಜಿ ಗಾಯ ಆಗ್ತಿತ್ತು, ಮಗು ಅಳ್ತಿತ್ತು, ಅಮ್ಮ ಬಿಚ್ಚಿಡ್ತಿದ್ರು. ಜಾನ್ ಮಿಚೆಲ್ ಅನ್ನೋರು ಮೇಷ್ಟ್ರ ಜೊತೆ ಕೂತು ಒಳಗೆ ಮೆತ್ತಗಿರೋ, ಹಿಮ್ಮಡಿ ಕೂತಿದೆಯೋ ಇಲ್ವೋ ಅಂತ ಸಣ್ಣ ಕಿಂಡಿಯಲ್ಲಿ ನೋಡಬಹುದಾದ ಸ್ಯಾಂಡಲ್ ಮಾಡಿದ್ರು. ತಾಯಿಗೆ ಬೈಯೋದು ಬಿಟ್ಟು ಶೂ ತಿದ್ದಿದ್ದು, ಇದು ನನಗೆ ತುಂಬಾ ದೊಡ್ಡ ಕೆಲಸ ಅನ್ಸುತ್ತೆ.

ಆಫ್ರಿಕಾದಲ್ಲಿ ಇದು ಇನ್ನೂ ಮುಂದೆ ಹೋಯ್ತು. ಉಗಾಂಡದಲ್ಲಿ ಪಿರಾನಿ ಮತ್ತೆ ಅವರ ಜೊತೆಗಾರರು, ಮೂಳೆ ಸರ್ಜನ್‌ಗಳು ಬೆರಳೆಣಿಕೆಯಷ್ಟೇ ಇರೋ ದೇಶದಲ್ಲಿ ಡಾಕ್ಟರ್ ಅಲ್ಲದ ಆರ್ಥೋಪೆಡಿಕ್ ಆಫೀಸರ್‌ಗಳಿಗೆ ಪ್ಲಾಸ್ಟರ್ ಕಲಿಸಿದ್ರು. ಮಲಾವಿಯಲ್ಲೂ ಡಾಕ್ಟರ್ ಅಲ್ಲದ ಕ್ಲಿನಿಕಲ್ ಆಫೀಸರ್‌ಗಳೇ ಹಾಕಿದ ಪ್ಲಾಸ್ಟರ್‌ನಿಂದ ಒಳ್ಳೇ ಫಲಿತಾಂಶ ಬಂದಿದ್ದು 2005ರಲ್ಲಿ ಪ್ರಕಟವಾಯ್ತು. ಆಪರೇಷನ್ ಥಿಯೇಟರ್, ಅರಿವಳಿಕೆ ಯಂತ್ರ ಎಲ್ಲಾ ಬೇಕಾಗಿದ್ದ ಕೆಲಸ ಒಂದು ಬೆಂಚು, ಬಕೆಟ್ ನೀರು, ಪ್ಲಾಸ್ಟರ್ ರೋಲ್, ಕಲಿತ ಎರಡು ಕೈಗೆ ಇಳಿಯಿತು.

ನಮ್ಮ ಕಡೆಗೆ ಬರೋಣ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಮಾಡಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಕ್ಲಬ್‌ಫೂಟ್ ಇದೆ, ಹೆರಿಗೆ ಆದ ಕಡೆಯಿಂದ ಅಂಗನವಾಡಿ, ಸ್ಕೂಲಿನವರೆಗೂ ನೋಡೋ ವ್ಯವಸ್ಥೆ ಅದು, ಕಂಡುಬಂದ ಮಗುವಿಗೆ ಚಿಕಿತ್ಸೆ ಉಚಿತ. ಹಾಗಿದ್ರೂ ಎಷ್ಟೋ ಮನೆಗಳಲ್ಲಿ ಮೊದಲು ಬರೋ ಮಾತು ಗ್ರಹಣದ್ದು, ಬಸುರಿ ಹೊರಗೆ ಬಂದಳು, ಏನೋ ಮಡಚಿದಳು, ಅದಕ್ಕೇ ಹೀಗೆ ಅಂತ ಸೊಸೆಯ ತಲೆಗೆ ಕಟ್ಟೋದು. ಗ್ರಹಣಕ್ಕೂ ಪಾದಕ್ಕೂ ಯಾವ ಸಂಬಂಧವೂ ಇಲ್ಲ, ಇದು ತಾಯಿಯ ತಪ್ಪಲ್ಲ, ಇದನ್ನ ಕ್ಲಿನಿಕ್‌ನಲ್ಲಿ ಮೊದಲ ದಿನವೇ, ಅತ್ತೆಯೋರು ಪಕ್ಕದಲ್ಲಿ ಕೂತಿರುವಾಗಲೇ ಹೇಳಬೇಕು. ಯಾಕಂದ್ರೆ ರಾತ್ರಿ ಮಗು ಅತ್ತಾಗ "ಅಯ್ಯೋ ಪಾಪ, ಬಿಚ್ಚೇ, ಕೂಸು ನಿದ್ದೆ ಮಾಡ್ಲಿ" ಅನ್ನೋದು ಅಜ್ಜಿ. ಅಜ್ಜಿಗೆ ಮಗು ಮೇಲಿರೋ ಪ್ರೀತಿ ಅದು, ಅದನ್ನ ಗೌರವಿಸಿ ಅವರ ಕೈಯಲ್ಲೇ ಶೂ ಹಾಕ್ಸಬೇಕು, ಮೊದಲ ಎರಡು ಮೂರು ದಿನ ಅಳುತ್ತೆ, ಎರಡೂ ಕಾಲು ಒಟ್ಟಿಗೆ ಒದೆಯೋದು ಕಲಿತ ಮೇಲೆ ಸುಮ್ಮನಾಗುತ್ತೆ ಅಂತ ಮುಂಚೆನೇ ಹೇಳಬೇಕು. ವಾರ ವಾರ ಕೂಲಿ ಬಿಟ್ಟು ಬಸ್ಸಲ್ಲಿ ಬರೋರಿಗೆ ಕ್ಲಿನಿಕ್ ದಿನ ಯಾವುದು ಅಂತ ಒಂದೇ ದಿನ ಗೊತ್ತುಮಾಡಿ, ಬಂದ ದಿನ ವಾಪಸ್ ಕಳಿಸದೇ ಇರೋದೂ ಚಿಕಿತ್ಸೆಯ ಭಾಗವೇ.

ಇನ್ನೊಂದು ವಿಷಯ, ಇದು ಪ್ಲಾಸ್ಟರ್ ಹಾಕೋರಿಗೂ ಅಪ್ಪ ಅಮ್ಮನಿಗೂ ಇಬ್ಬರಿಗೂ. ವಿಧಾನ ಎಲ್ಲಾ ಕಡೆ ಹರಡಿದ ಮೇಲೆ ಕೆಲವು ಪಾದಗಳು ಮಾಮೂಲಿ ರೀತಿಗೆ ಬಗ್ಗಲ್ಲ ಅಂತ ಕಾಣಿಸಿತು, ಗಿಡ್ಡಗೆ, ದಪ್ಪಗೆ, ಅಂಗಾಲಲ್ಲಿ ಅಡ್ಡಕ್ಕೆ ಆಳವಾದ ಗೀರು. 2006ರಲ್ಲಿ, 92ರ ವಯಸ್ಸಲ್ಲಿ, ಪೊನ್ಸೆಟಿ ತಮ್ಮದೇ ವಿಧಾನವನ್ನ ಅಂಥ ಪಾದಗಳಿಗೆ ಬದಲಾಯಿಸಿ ಬರೆದ್ರು: ಹೊರಕ್ಕೆ ತಿರುಗಿಸೋದು ಕಮ್ಮಿ, ಎರಡೂ ಹೆಬ್ಬೆರಳಿಂದ ಪಾದದ ಮುಂಭಾಗವನ್ನ ಒಟ್ಟಿಗೆ ಮೇಲಕ್ಕೆತ್ತೋದು, ಮಂಡಿಯನ್ನ ಇನ್ನೂ ಹೆಚ್ಚು ಮಡಿಸಿ ಪ್ಲಾಸ್ಟರ್ ಜಾರದ ಹಾಗೆ ಹಾಕೋದು. ಮೂರು ವರ್ಷ ಆದ್ಮೇಲೆ, 2009ರ ಅಕ್ಟೋಬರ್‌ನಲ್ಲಿ, ತೀರ್ಕೊಂಡ್ರು. ಪ್ಲಾಸ್ಟರ್ ಸರಿಯಾಗಿ ಕೂರದೆ ಜಾರೋದ್ರಿಂದನೂ ಪಾದ ಹಾಗೆ ಗಿಡ್ಡಗೆ, ದಪ್ಪಗೆ ಆಗಬಹುದು. ಹಾಗಾಗಿ ಮನೆಗೆ ಕಳಿಸುವಾಗ ಅಮ್ಮನಿಗೆ ಮಗುವಿನ ಬೆರಳುಗಳು ಪ್ಲಾಸ್ಟರ್‌ನ ಆಚೆ ಎಷ್ಟು ಕಾಣ್ತಿವೆ ಅಂತ ಬೆರಳಿಟ್ಟು ತೋರಿಸಿ, ಫೋನಲ್ಲಿ ಒಂದು ಫೋಟೋ ತೆಗೆಸಿ. ಬೆರಳು ಒಳಗೆ ಹೋಗ್ತಾ ಕಾಣೆಯಾದ್ರೆ, ನೀಲಿ ಆದ್ರೆ, ತಣ್ಣಗಾದ್ರೆ, ಊದಿಕೊಂಡ್ರೆ ಮುಂದಿನ ವಾರದ ತನಕ ಕಾಯೋದು ಬೇಡ, ಅವತ್ತೇ ಬಂದು ಬಿಚ್ಚಿಸಬೇಕು, ಹತ್ತಿರದ ಯಾವ ಆಸ್ಪತ್ರೆಯಾದ್ರೂ ಸರಿ.